ಸಾವಕಾರರ ತಿಜೋರಿ ಖೋಲಿಯ ಎರಡನೆಯ ಕೀಲಿಕೈ

ನಮ್ಮ ಅಂಗಡಿಯಲ್ಲಿ ಕೀಲಿಕೈ ಕೊರೆಯುತ್ತಿದ್ದವಳು ನಾನು. ಆದರೆ ಹಳೇ ಹುಬ್ಬಳ್ಳಿಯ ಆ ಓಣಿಗೆಲ್ಲ ಅದು ನನ್ನ ಗಂಡನ ಕೈಕೆಲಸವೆಂದೇ ಗೊತ್ತಿತ್ತು. ಮುಂದಿನ ಖೋಲಿ ಅಂಗಡಿ, ಹಿಂದಿನದು ಸಂಸಾರ, ನಡುವೆ ಗೋಣಿತಾಟಿನ ಒಂದು ಪರದೆ. ಗಿರಾಕಿ ಬಂದರೆ ನಮ್ಮವರು ಮುಂದೆ ಕೂತು ಮಾತಾಡುತ್ತಿದ್ದರು, ಕೀಲಿಕೈಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು, "ನಾಳೆ ಬರ್ರಿ" ಅನ್ನುತ್ತಿದ್ದರು. ಗಿರಾಕಿ ಹೊರಟುಹೋದ ಮೇಲೆ ಆ ಕೀಲಿಕೈ ಪರದೆಯ ಈಚೆ ನನ್ನ ಕೈಗೆ ಬರುತ್ತಿತ್ತು.

ಮದುವೆಯಾದ ಹೊಸದರಲ್ಲಿ ಹಾಗಿರಲಿಲ್ಲ. ಆಗ ಅವರ ಕೈ ಗಟ್ಟಿಯಾಗಿತ್ತು. ಒಂದು ಚಳಿಗಾಲದಲ್ಲಿ ಬಲಗೈ ನಡುಗಲು ಶುರುವಾಯಿತು. ಚಳಿಗೆ ಅಂದುಕೊಂಡೆವು. ಬೇಸಿಗೆ ಬಂದರೂ ನಿಲ್ಲಲಿಲ್ಲ. ಔಷಧ, ಎಣ್ಣೆ, ಲೇಪ ಎಲ್ಲ ಆಯಿತು. ಕಾನಸು, ಅಂದರೆ ಕಬ್ಬಿಣ ಉಜ್ಜುವ ಅರ, ಹಿಡಿದರೆ ಅದು ಹಲ್ಲಿನ ಮೇಲಿಂದ ಜಾರಿ ಪಕ್ಕದ ಹಲ್ಲನ್ನು ತಿನ್ನುತ್ತಿತ್ತು. ಮೊದಮೊದಲು ಅವರ ಮೊಣಕೈ ಹಿಡಿದು ಕೂತುಕೊಳ್ಳುತ್ತಿದ್ದೆ. ಆಮೇಲೆ ಒಂದು ದಿನ ಅವರೇ ಕಾನಸನ್ನು ನನ್ನ ಕೈಗಿಟ್ಟು, "ನೀನ ಉಜ್ಜು, ನಾ ಹೇಳತೇನಿ" ಅಂದರು. ನನ್ನ ತವರಿನಲ್ಲೂ ಕಮ್ಮಾರಿಕೆಯೇ. ಕಬ್ಬಿಣ ನನಗೆ ಹೊಸದಲ್ಲ. ಆದರೆ ಕುಡಗೋಲು ಬೇರೆ, ಕೀಲಿಕೈ ಬೇರೆ. ಕಲಿಯಲು ಬಹಳ ಕಾಲ ಹಿಡಿಯಿತು, ಬಹಳ ಕಬ್ಬಿಣವೂ ಹಾಳಾಯಿತು.

ಇದನ್ನು ಯಾರಿಗೂ ಹೇಳಬೇಡವೆಂದು ಅವರು ನನಗೆ ತಾಕೀತು ಮಾಡಿದ್ದರು. ಪೆಟ್ಟಿಗೆಯ ಕೀಲಿಕೈ, ಸೈಕಲ್ಲಿನ ಕೀಲಿಕೈ ಆಗಿದ್ದರೆ ಯಾರು ಕೊರೆದರೇನು? ನಮ್ಮ ಅಂಗಡಿ ನಡೆಯುತ್ತಿದ್ದದ್ದು ತಿಜೋರಿಗಳ ಮೇಲೆ. ತಿಜೋರಿಯ ಕೀಲಿಕೈಯನ್ನು ಜನ ಮನೆಯ ಮಂದಿಯ ಕೈಗೂ ಸುಲಭಕ್ಕೆ ಕೊಡುವುದಿಲ್ಲ. ಹೆಂಗಸು ಕೊರೆಯುತ್ತಾಳೆ, ನಾಳೆ ನೀರಿಗೆ ಹೋದಲ್ಲಿ ನಾಲ್ಕು ಮಂದಿಯ ಮುಂದೆ ಬಾಯಿಬಿಡುತ್ತಾಳೆ ಅಂತ ಒಬ್ಬ ಅಂದರೆ ಸಾಕು, ಅಂಗಡಿ ಮುಚ್ಚಿದಂತೆಯೇ.

ಅರವತ್ತರ ದಶಕದ ಶುರುವಿನ ಮಾತು ಇದು. ನಮ್ಮ ಓಣಿಯಿಂದ ಸ್ವಲ್ಪ ಆಚೆ ಹತ್ತಿ, ಅರಳೆ ವ್ಯಾಪಾರದ ಒಬ್ಬ ಸಾವಕಾರರ ದೊಡ್ಡ ಮನೆಯಿತ್ತು. ಆ ಮನೆಯ ನಡುಭಾಗದಲ್ಲಿ, ದೇವರ ಖೋಲಿಗೆ ಹತ್ತಿದಂತೆ ಒಂದು ತಿಜೋರಿ ಖೋಲಿ. ಕಲ್ಲಿನ ದಪ್ಪ ಗೋಡೆ, ಕಿಟಕಿಯಿಲ್ಲ, ಬಾಗಿಲು ಪೂರಾ ಕಬ್ಬಿಣದ್ದು. ಅದರ ಕೀಲಿಗೆ, ಅಂದರೆ ಬೀಗಕ್ಕೆ, ಎರಡು ಕೀಲಿಕೈ. ಒಂದು ಸಾವಕಾರರ ಉಡಿದಾರಕ್ಕೆ, ಇನ್ನೊಂದು ಅವರ ಹೆಂಡತಿಯ ಸೆರಗಿನ ಗಂಟಿಗೆ. ಹೆಂಡತಿಯ ಬಳಿಯಿದ್ದ ಕೀಲಿಕೈ ಹಳೆಯದು, ಸವೆದದ್ದು. ಹಲ್ಲಿನ ಬುಡದಲ್ಲಿ ಕೂದಲೆಳೆಯಂಥ ಸೀಳು ಬಿದ್ದಿತ್ತು. ಇದು ಎಲ್ಲಿಯಾದರೂ ಒಳಗೆ ಮುರಿದೀತೆಂದು ಅಂಜಿ ಸಾವಕಾರರೇ ಅದನ್ನು ನಮ್ಮ ಅಂಗಡಿಗೆ ತಂದು, ಇದರಂಥದೇ ಇನ್ನೊಂದು ಮಾಡಿಕೊಡಿರೆಂದು ಕೊಟ್ಟುಹೋಗಿದ್ದರು.

ನಾನು ಕೆಲಸ ಶುರುಮಾಡಿದ್ದೆ. ಹಲ್ಲು ಕೊರೆಯದ ಕೋರಾ ಕೀಲಿಕೈಯನ್ನು ತಯಾರು ಮಾಡಿಟ್ಟು, ಹಲ್ಲುಗಳನ್ನು ಅರ್ಧ ಇಳಿಸಿದ್ದೆ. ಸವೆದ ಕೀಲಿಕೈಯ ನಕಲು ಮಾಡುವುದು ಕಠಿಣ. ಇದ್ದದ್ದನ್ನು ಇದ್ದ ಹಾಗೆ ಇಳಿಸಿದರೆ ಸವೆತವೂ ನಕಲಾಗುತ್ತದೆ. ಹಳೆಯದು ಹೇಗೋ ಎತ್ತಿ, ಒತ್ತಿ, ಮಾಲೀಕನ ಕೈಗುಣಕ್ಕೆ ತಿರುಗುತ್ತಿರುತ್ತದೆ. ಹೊಸದು ತಿರುಗುವುದಿಲ್ಲ. ಅದಕ್ಕೆ ಕಡೆಯ ಉಜ್ಜಾಟವನ್ನು ಕೀಲಿಯ ಎದುರಿಗೇ ಕೂತು ಮಾಡಬೇಕು. ಹೊಸ ಕೀಲಿಕೈಗೆ ದೀಪದ ಮಸಿ ಹಿಡಿಸಿ, ಕೀಲಿಯೊಳಗೆ ಹಾಕಿ ಮೆಲ್ಲಗೆ ತಿರುಗಿಸಿ ತೆಗೆದರೆ, ಎಲ್ಲಿ ಮಸಿ ಕೆರೆದು ಕಬ್ಬಿಣ ಹೊಳೆಯುತ್ತದೋ ಅಲ್ಲಿ ಹೆಚ್ಚಾಗಿದೆ ಅಂತ ಅರ್ಥ. ಅಲ್ಲಿ ಒಂದು ಎಳೆ ಉಜ್ಜಬೇಕು. ಒಂದು ಎಳೆ ಹೆಚ್ಚಾದರೆ ಮತ್ತೆ ಮೊದಲಿನಿಂದ. ಇಂಥ ಕಡೆಯ ಕೆಲಸ ಬಂದಾಗ ನಮ್ಮವರು ಗಿರಾಕಿಯ ಮನೆಗೆ ಹೋಗಿ ಮಸಿ ಹಿಡಿಸಿ ನೋಡಿಕೊಂಡು ಬರುತ್ತಿದ್ದರು, ನಾನು ಮನೆಯಲ್ಲಿ ಉಜ್ಜುತ್ತಿದ್ದೆ, ಅವರು ಮತ್ತೆ ಹೋಗುತ್ತಿದ್ದರು. ಹೀಗೆ ಹೋಗಿ ಬಂದು ಮಾಡುವುದರಲ್ಲಿ ದಿನಗಳೇ ಹಿಡಿಯುತ್ತಿದ್ದವು. ಜನ ಅದನ್ನು ನಾಜೂಕಿನ ಕೆಲಸಕ್ಕೆ ಹತ್ತುವ ವೇಳೆ ಅಂದುಕೊಂಡಿದ್ದರು.

ಆ ದಿನ ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದೆ. ಸಾವಕಾರರ ಹಿರಿಯ ಮಗ ಓಡುತ್ತ ಅಂಗಡಿಗೆ ಬಂದ. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಕಾಕಾ, ಕೀಲಿಕೈ ಆತೇನ್ರಿ?"

"ಇನ್ನೂ ಇಲ್ಲೋ ತಮ್ಮಾ. ಯಾಕ, ಏನಾತು?"

"ನನ್ನ ಹೇಣ್ತಿ ಒಳಗ ಸಿಕ್ಕೊಂಡಾಳ್ರಿ."

ರೊಟ್ಟಿಯನ್ನು ಹಂಚಿನ ಮೇಲೆ ಬಿಟ್ಟು ಪರದೆಯ ಹತ್ತಿರ ಬಂದು ನಿಂತೆ. ಅವನು ತಡವರಿಸುತ್ತ ಹೇಳಿದ್ದು ಇಷ್ಟು. ಹಿಂದಿನ ದಿನ ಅವನ ಹೆಂಡತಿ ಬಂಧುಗಳ ಮನೆಯ ಕಾರ್ಯಕ್ಕೆ ಆಭರಣ ಹಾಕಿಕೊಂಡು ಹೋಗಿದ್ದಳು. ಮುಂಜಾನೆ ಸಾವಕಾರರು ಮುಂಬಯಿಗೆ ಹೊರಟಿದ್ದರು. ಹೊರಡುವ ಮೊದಲು ಏನೋ ಕಾಗದ ತೆಗೆದುಕೊಳ್ಳಲು ತಿಜೋರಿ ಖೋಲಿ ತೆರೆದಿದ್ದರು. "ಬಾಗಲಾ ತಗದಾರ, ಲಗೂನ ಇಟ್ಟು ಬಾ" ಅಂತ ಅತ್ತೆ ಸೊಸೆಯನ್ನು ಆಭರಣದ ಡಬ್ಬಿ, ಕಂದೀಲು ಕೊಟ್ಟು ಕಳಿಸಿದ್ದರು. ಅತ್ತ ಟಾಂಗಾ ಬಂದು ನಿಂತಿತು, ರೈಲಿಗೆ ತಡವಾಯಿತೆಂದು ಯಾರೋ ಕೂಗಿದರು. ಸಾವಕಾರರು ಬಾಗಿಲು ಎಳೆದು, ಕೀಲಿ ಹಾಕಿ, ಕೀಲಿಕೈ ಉಡಿದಾರಕ್ಕೆ ಸಿಗಿಸಿಕೊಂಡು ಹೊರಟುಹೋದರು. ಮುಂಜಾನೆಯಿಂದಲೇ ತಲೆನೋವು ಅನ್ನುತ್ತಿದ್ದ ಸೊಸೆ ಮಾಳಿಗೆಯ ಮೇಲೆ ಮಲಗಿರಬೇಕೆಂದು ಅತ್ತೆ ಅಂದುಕೊಂಡಿದ್ದರು. ಊಟಕ್ಕೆ ಕರೆಯಲು ಹೋದಾಗ ಹಾಸಿಗೆ ಖಾಲಿ. ದೇವರ ಖೋಲಿಯಲ್ಲಿ ನಿಂತಾಗ ಗೋಡೆಯೊಳಗಿಂದ ಟಕ್ ಟಕ್ ಅಂತ ಸಪ್ಪಳ ಕೇಳಿಸಿತ್ತು.

"ನನ್ನ ತಮ್ಮ ಯಾರದೋ ಕಾರ್ ಇಸ್ಕೊಂಡು ರೈಲಿನ ಹಿಂದ ಹೋಗ್ಯಾನ್ರಿ. ಗಾಡಿ ಧಾರವಾಡದಾಗ ಬಾಳ ಹೊತ್ತು ನಿಂತು ಈಗ ಬಿಟ್ಟೇತಂತ. ಅಳ್ನಾವರದಾಗ ಸಿಕ್ಕರ ಸಿಕ್ತು. ಆ ಹಳೇ ಕೀಲಿಕೈ ಕೊಡ್ರಿ ಕಾಕಾ."

ನಮ್ಮವರು ಕೊಡಲಿಲ್ಲ. "ಅದು ಸೀಳೇತಿ."

"ಸೀಳಿದರ ಸೀಳಲಿ. ಒಂದ ಸಲಾ ತಿರಗಿದರ ಸಾಕು!"

"ತಿರಗದ ಒಳಗ ಮುರದರ? ತುಂಡು ಅಲ್ಲೇ ಕೂಡತೈತಿ. ಆಮ್ಯಾಲ ನಿಮ್ಮಪ್ಪಾರ ಕೀಲಿಕೈ ಬಂದರೂ ಹೋಗಂಗಿಲ್ಲ, ನಾವು ಮಾಡಿದ್ದೂ ಹೋಗಂಗಿಲ್ಲ."

ಹುಡುಗ ಮೇಜಿನ ಮೇಲೆ ಕೈಯೂರಿ ನಿಂತ. ಅವನ ಮುಖದ ಮೇಲಿನ ಬೆವರು ಮೇಜಿನ ಮೇಲೆ ಬೀಳುತ್ತಿತ್ತು. ನಮ್ಮವರು ಹಿಂದಕ್ಕೆ ತಿರುಗಿ ಪರದೆಯ ಕಡೆ ನೋಡಿದರು. ನಾನು ಅಲ್ಲಿ ನಿಂತಿದ್ದೇನೆಂದು ಅವರಿಗೆ ಗೊತ್ತಿತ್ತು.

"ಸಾಮಾನು ತಗೋ," ಅಂದರು. "ನೀನ ಬರಬೇಕು."

ಹುಡುಗನಿಗೆ ಅರ್ಥವಾಗಲಿಲ್ಲ. ನಮ್ಮವರು ಬಲಗೈಯನ್ನು ಎತ್ತಿ ಅವನ ಮುಂದೆ ಹಿಡಿದರು. ಅದು ನಡುಗುತ್ತಿತ್ತು. "ನೋಡಪಾ. ಇದು ಕೆಲಸಕ್ಕ ಬರಂಗಿಲ್ಲ. ನಮ್ಮ ಅಂಗಡ್ಯಾಗ ಕೊರಿಯಾಕಿ ಇಕಿನ."

ನಾನು ಅಷ್ಟು ದಿನ ಬಚ್ಚಿಟ್ಟ ಮಾತು ಒಂದು ಉಸಿರಿನಲ್ಲಿ ಹೊರಬಿತ್ತು. ಅದರ ಬಗ್ಗೆ ವಿಚಾರ ಮಾಡಲು ಆಗ ಯಾರಿಗೂ ಪುರುಸೊತ್ತಿರಲಿಲ್ಲ. ಹಿಟ್ಟು ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಕಾನಸುಗಳು, ಕೀಲಿಕೈ ಬಿಗಿದು ಹಿಡಿಯುವ ಚಿಕ್ಕ ವೈಸು, ಅರ್ಧವಾದ ಕೀಲಿಕೈ, ಹಳೆಯ ಕೀಲಿಕೈ ಎಲ್ಲವನ್ನೂ ಬುಟ್ಟಿಗೆ ತುಂಬಿ ಹೊರಟೆ. ಓಣಿಯಲ್ಲಿ ಮೂವರೂ ಓಡಿದೆವು. ಹಂಚಿನ ಮೇಲಿನ ರೊಟ್ಟಿ ಕರಕಾದ ವಾಸನೆ ಓಣಿಯ ತಿರುವಿನವರೆಗೂ ಬಂತು.

ಸಾವಕಾರರ ಮನೆಯೊಳಗೆ ಆ ಮೊದಲು ನಾನು ಹೋಗಿರಲಿಲ್ಲ. ಕಬ್ಬಿಣದ ಬಾಗಿಲಿನ ಮುಂದೆ ಸಾವಕಾರರ ಹೆಂಡತಿ ನೆಲಕ್ಕೆ ಕೂತು, ಅಡಕೆ ಕುಟ್ಟುವ ಕುಟ್ಟಾಣಿಯ ಕೋಲಿನಿಂದ ಬಾಗಿಲು ಬಡಿಯುತ್ತಿದ್ದರು. ಬಡಿದು ಕಿವಿಗೊಟ್ಟು ಕೂಡುತ್ತಿದ್ದರು. ಒಳಗಿಂದ ಉತ್ತರ ಬರುತ್ತಿತ್ತು, ಬಹಳ ಸಣ್ಣದಾಗಿ. ಅದು ಬಂದ ಕೂಡಲೇ ಮತ್ತೆ ಬಡಿಯುತ್ತಿದ್ದರು. ನನ್ನನ್ನು ನೋಡಿ, "ಕಂದೀಲ ಉರಿಯಾಕತ್ತೇತಿ ಒಳಗ. ಆರಿಸಂತ ಒದರಿ ಒದರಿ ಹೇಳಿದೆ. ಅಕಿಗೆ ಕೇಳಸ್ತೋ ಇಲ್ಲೋ," ಅಂದರು. ಮುಚ್ಚಿದ ಖೋಲಿಯಲ್ಲಿ ದೀಪ ಉರಿದರೆ ಗಾಳಿ ಕೆಡುತ್ತದೆಂದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಮುಂಜಾನೆಯಿಂದ ಎಷ್ಟು ಹೊತ್ತಾಯಿತು, ಒಳಗೆ ಎಷ್ಟು ಗಾಳಿ ಉಳಿದಿದೆ, ಇದು ಯಾರಿಗೂ ಗೊತ್ತಿರಲಿಲ್ಲ.

ಮನೆಯವರು ಒಂದು ಭಾರವಾದ ಮಣೆ ತಂದಿಟ್ಟರು. ಅದಕ್ಕೆ ವೈಸು ಬಿಗಿದು ಕೂತೆ. ಹಳೆಯ ಕೀಲಿಕೈ ಎಡಗಡೆ ಇಟ್ಟುಕೊಂಡು ಉಳಿದ ಹಲ್ಲುಗಳನ್ನು ಇಳಿಸತೊಡಗಿದೆ. ನಮ್ಮವರು ನನ್ನ ಬೆನ್ನ ಹಿಂದೆ ಕೂತು ಕಾನಸಿನ ಸಪ್ಪಳ ಕೇಳುತ್ತಿದ್ದರು. "ಸಾವಕಾಶ. ಸಾವಕಾಶ," ಅನ್ನುತ್ತಿದ್ದರು. ಸುತ್ತಲೂ ಮನೆಯ ಮಂದಿ, ಆಳುಗಳು. ಯಾರ ಮುಖವನ್ನೂ ನಾನು ನೋಡಲಿಲ್ಲ. ಅಷ್ಟು ಮಂದಿ ನನ್ನ ಕೈಯನ್ನು ನೋಡುತ್ತಿದ್ದಾರೆಂಬುದೇ ಮೈಮೇಲೆ ಭಾರವಾಗಿ ಕೂತಿತ್ತು.

ಮೊದಲ ಸಲ ಮಸಿ ಹಿಡಿಸಿ ಹಾಕಿದೆ. ಕೀಲಿಕೈ ಒಳಗೆ ಹೋಯಿತು, ತಿರುಗಲಿಲ್ಲ. ತೆಗೆದು ನೋಡಿದೆ. ಮುಂದಿನ ಹಲ್ಲು ಹೊಳೆಯುತ್ತಿತ್ತು. ಉಜ್ಜಿದೆ. ಮತ್ತೆ ಹಾಕಿದೆ. ಸ್ವಲ್ಪ ಅಲುಗಿ ನಿಂತಿತು. ಮತ್ತೆ ತೆಗೆದೆ.

ಆ ಹೊತ್ತಿಗೆ ಗೋಡೆಯ ಆಚೆಯಿಂದ ದೊಡ್ಡ ಪೆಟ್ಟು ಬಿತ್ತು. ಇಡೀ ಬಾಗಿಲು ಝಣಗುಟ್ಟಿತು. ಹಿರಿಯ ಮಗ ಅರಳೆ ಅಂಗಳದಿಂದ ಹಮಾಲರನ್ನು ಕರೆಸಿ ಹಾರೆಯಿಂದ ಹಿಂದಿನ ಗೋಡೆ ಒಡೆಯಲು ಹಚ್ಚಿದ್ದ. ಒಂದೊಂದು ಪೆಟ್ಟಿಗೂ ಕೀಲಿಯೊಳಗಿನ ಪಟ್ಟಿಗಳು, ಕೀಲಿಕೈಯ ಹಲ್ಲು ಎತ್ತಬೇಕಾದವು, ಜಿಗಿದಾಡುತ್ತಿದ್ದವು. ನಾನು ಹಾಕಿ ತೆಗೆದ ಕೀಲಿಕೈಯ ತುಂಬ ಗೀರುಗಳೆದ್ದಿದ್ದವು. ಯಾವುದು ಖರೆ, ಯಾವುದು ಪೆಟ್ಟಿನಿಂದ ಬಿದ್ದದ್ದು ತಿಳಿಯುವಂತಿರಲಿಲ್ಲ.

"ಒಡಿಯೋದು ನಿಲ್ಲಸ್ರಿ!" ಅಂತ ನಮ್ಮವರು ಕೂಗಿದರು. "ಹಿಂಗ ಬಡದರ ಗುರುತ ಸಿಗಂಗಿಲ್ಲ!"

ಹುಡುಗ ಓಡಿ ಬಂದ. "ನಿಲ್ಲಸಿ ಏನ ಮಾಡ್ಲಿ? ಇವ್ರು ಕೂತು ಉಜ್ಜೂದರಾಗ ಅಕಿ ಸತ್ತ ಹೋದರ?"

ಅವನು ಅಂದದ್ದರಲ್ಲಿ ತಪ್ಪೇನಿರಲಿಲ್ಲ. ಗೋಡೆ ಒಡೆಯುವುದಕ್ಕೆ ಸಂಜೆಯಾಗಬಹುದು, ಆದರೆ ಅದು ಒಡೆದೇ ಒಡೆಯುತ್ತದೆ. ನನ್ನ ಕೀಲಿಕೈ ಈಗಲೇ ತಿರುಗಬಹುದು, ಎಂದೂ ತಿರುಗದೆಯೂ ಇರಬಹುದು. ಅವನ ಅವ್ವ ಕುಟ್ಟಾಣಿಯ ಕೋಲು ಹಿಡಿದುಕೊಂಡೇ ನನ್ನ ಕಡೆ ನೋಡಿದರು.

"ತಂಗಿ, ಆಗತೈತೇನು ನಿನ್ನ ಕೈಲೆ?"

"ಬಡಿಯೋದು ನಿಂತರ ಗೊತ್ತಾಗತೈತ್ರಿ," ಅಂದೆ.

ಅವರು ಮಗನಿಗೆ ಹೇಳಿದರು, "ನಿಲ್ಲಸು. ಇಕಿ ಏಳೂ ತನಕಾ ಯಾರೂ ಗ್ವಾಡಿ ಮುಟ್ಟಬ್ಯಾಡ್ರಿ."

ಸದ್ದು ನಿಂತಿತು. ಆ ಮೌನ ಪೆಟ್ಟಿಗಿಂತ ಹೆಚ್ಚು ಹೆದರಿಸಿತು. ಇನ್ನು ಮುಂದೆ ಹೋಗುವ ಪ್ರತಿ ಗಳಿಗೆಯೂ ನನ್ನ ಲೆಕ್ಕಕ್ಕೆ. ಸಾವಕಾರ್ತಿಯವರು ಬಾಗಿಲು ಬಡಿದರು. ಕಿವಿಗೊಟ್ಟರು. ಒಳಗಿಂದ ಏನೂ ಬರಲಿಲ್ಲ. ಮತ್ತೆ ಬಡಿದರು. ಏನೂ ಇಲ್ಲ. ಅವರು ಬಾಗಿಲಿಗೆ ಹಣೆ ಹಚ್ಚಿಕೊಂಡು ಕೂತುಬಿಟ್ಟರು. ಹಿಂದೆ ಯಾರೋ ಹೆಂಗಸು ಅಳಲು ಶುರುಮಾಡಿದಳು. ಯಾರೋ ಅವಳ ಬಾಯಿ ಮುಚ್ಚಿದರು.

ಹೊಸದಾಗಿ ಮಸಿ ಹಿಡಿಸಿ ಹಾಕಿದೆ, ತಿರುಗಿಸಿದೆ, ತೆಗೆದೆ. ನಮ್ಮವರು ಎರಡೂ ಕೀಲಿಕೈಗಳನ್ನು ಕೈಯಲ್ಲಿ ಜೋಡಿಸಿ ಹಿಡಿದು ನೋಡಿದರು. "ಮೂರನೇ ಹಲ್ಲು ಹಳೇದಕ್ಕಿಂತ ಎತ್ತರ ಐತಿ. ಅದನ್ನ ಇಳಸು."

ನಿಜ, ಮೂರನೆಯದು ಎತ್ತರವಿತ್ತು. ನಾನೇ ಬೇಕೆಂದು ಬಿಟ್ಟಿದ್ದೆ. ಹಳೆಯ ಕೀಲಿಕೈಯಲ್ಲಿ ಆ ಹಲ್ಲು ಎಲ್ಲಕ್ಕಿಂತ ಹೆಚ್ಚು ಸವೆದಿತ್ತು. ಆದರೆ ಈಗ ಮಸಿ ಕೆರೆದದ್ದು ಅದರ ಮೇಲೆ ಅಲ್ಲ, ಅದರ ಮಗ್ಗುಲಿನ ನಾಲ್ಕನೆಯದರ ಮೇಲೆ. ಸೂಜಿಯ ಮೊನೆಯಷ್ಟು ಒಂದು ಹೊಳಪು. ಅವರ ಕಣ್ಣಿಗೆ ಅದು ಬಿದ್ದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಖೋಲಿಯಲ್ಲಿ ಬೆಳಕು ಕಡಿಮೆಯಿತ್ತು, ಕೈಯಲ್ಲಿದ್ದ ಕೀಲಿಕೈ ಅವರ ಜೊತೆ ತಾನೂ ನಡುಗುತ್ತಿತ್ತು.

ಅಲ್ಲಿಯವರೆಗೆ ಅವರು ಹೇಳಿದ ಹಲ್ಲನ್ನು ಬಿಟ್ಟು ಬೇರೆ ಹಲ್ಲನ್ನು ನಾನು ಉಜ್ಜಿದ್ದಿಲ್ಲ. ಕೆಲಸ ಕಲಿಸಿದವರು ಅವರು. ಅಷ್ಟು ಮಂದಿಯ ಮುಂದೆ ಅವರ ಮಾತು ಮೀರುವುದೆಂದರೆ ಏನೆಂದು ನನಗೆ ಗೊತ್ತಿತ್ತು. ವಾದಿಸಲು ಹೊತ್ತಿರಲಿಲ್ಲ. ಮೂರನೆಯದನ್ನು ಇಳಿಸಿ ಅದು ತಪ್ಪಾದರೆ ಮತ್ತೆ ಏರಿಸಲು ಬರುವುದಿಲ್ಲ. ನಾನು ಕೀಲಿಕೈ ತೆಗೆದುಕೊಂಡು, ವೈಸಿಗೆ ಬಿಗಿದು, ಎಲ್ಲಕ್ಕಿಂತ ನುಣುಪಾದ ಕಾನಸಿನಿಂದ ನಾಲ್ಕನೆಯದರ ಮೇಲೆ ಎರಡು ಸಲ ಎಳೆದೆ. ಬೆನ್ನ ಹಿಂದೆ "ಸಾವಕಾಶ" ಅನ್ನುವುದು ನಿಂತಿತು. ಸಪ್ಪಳದ ಮೇಲೆಯೇ ಅವರಿಗೆ ತಿಳಿದಿತ್ತು, ನಾನು ಯಾವ ಹಲ್ಲಿನ ಮೇಲಿದ್ದೇನೆಂದು. ಆದರೂ ತಡೆಯಲಿಲ್ಲ.

ಒರೆಸಿ, ಹಾಕಿ, ತಿರುಗಿಸಿದೆ. ಮೊದಲು ನಿಂತಿತು. ಆಮೇಲೆ ಒಳಗೆ ಒಂದೊಂದೇ ಪಟ್ಟಿ ಎದ್ದು ಜಾಗಕ್ಕೆ ಕೂತದ್ದು ಬೆರಳಿಗೆ ತಿಳಿಯಿತು. ಕೀಲಿಕೈ ಪೂರಾ ತಿರುಗಿತು. ಹುಡುಗ ನನ್ನನ್ನು ಬದಿಗೆ ಸರಿಸಿ ಬಾಗಿಲನ್ನು ಎಳೆದ.

ಒಳಗಿಂದ ಕೆಟ್ಟ ಬಿಸಿ ಗಾಳಿ ಬಂತು. ಸೊಸೆ ಬಾಗಿಲಿಗೇ ಆತು ಬಿದ್ದಿದ್ದಳು, ಬಾಗಿಲು ತೆರೆದಂತೆ ಹೊಸ್ತಿಲ ಮೇಲೆ ಹೊರಳಿದಳು. ಕಂದೀಲು ಆರಿತ್ತು. ಅವಳೇ ಆರಿಸಿದ್ದಳೆಂದು ಆಮೇಲೆ ತಿಳಿಯಿತು. ಅಂಗಳಕ್ಕೆ ಎತ್ತಿಕೊಂಡು ಹೋಗಿ ಮಲಗಿಸಿದರು, ಮುಖಕ್ಕೆ ನೀರು ಹಾಕಿದರು, ಬೀಸಣಿಕೆ ಬೀಸಿದರು. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದಳು. ಬಡಿದು ಬಡಿದು ಅವಳ ಬೆರಳ ಗಂಟುಗಳ ಚರ್ಮ ಕಿತ್ತುಹೋಗಿತ್ತು. ಅತ್ತೆಯ ಮೊಣಕಾಲ ಮೇಲೆ ತಲೆಯಿಟ್ಟುಕೊಂಡು ಅವಳು ಮೊದಲು ಕೇಳಿದ್ದು, "ಕೀಲ್ಯಾಗ ಕೀಲಿಕೈ ಆಡಸಾಕತ್ತಿದ್ದವರು ಯಾರ್ರಿ?"

ಅತ್ತೆ ನನ್ನನ್ನು ತೋರಿಸಿದರು.

"ನೀವು ತಗದಾಗೆಲ್ಲಾ ನನ್ನ ಬಿಟ್ಟು ಹೋದ್ರು ಅಂತ ತಿಳಕೊಂಡೆನ್ರಿ," ಅಂದಳು. "ಮತ್ತ ಹಾಕತಿದ್ರಿ. ಮತ್ತ ಹೋಗತಿದ್ರಿ."

ಪ್ರತಿ ಸಲ ಉಜ್ಜಲೆಂದು ತೆಗೆದಾಗ ಆಚೆ ಕಡೆ ಅವಳು ಹಾಗೆ ಅಂದುಕೊಂಡಿದ್ದಾಳೆಂಬುದು ನನ್ನ ತಲೆಗೆ ಬಂದೇ ಇರಲಿಲ್ಲ. ಅವಳ ಕೈ ಹಿಡಿದುಕೊಂಡು ಕೂತೆ. ನನ್ನ ಕೈಗೆ ಹತ್ತಿದ ಮಸಿ ಅವಳ ಕೈಗೂ ಹತ್ತಿತು.

ದೀಪ ಹಚ್ಚುವ ಹೊತ್ತಿಗೆ ಕಾರು ಬಂತು. ಕಿರಿಯ ಮಗ ಅಳ್ನಾವರದಲ್ಲಿ ರೈಲನ್ನು ಹಿಡಿದು ಅಪ್ಪನನ್ನು ಇಳಿಸಿಕೊಂಡು ಬಂದಿದ್ದ. ಸಾವಕಾರರು ಕೀಲಿಕೈಯನ್ನು ಉಡಿದಾರದಿಂದ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದರು. ಅಂಗಳದಲ್ಲಿ ಸೊಸೆ ಗೋಡೆಗೆ ಒರಗಿ ಹಾಲು ಕುಡಿಯುತ್ತಿದ್ದಳು. ಮಾವನನ್ನು ನೋಡಿ ಸೆರಗು ಎಳೆದುಕೊಳ್ಳಲು ಕೈ ಎತ್ತಿದಳು, ಆಗಲಿಲ್ಲ. ಅವರು ಮುಂದೆ ಬರಲೂ ಇಲ್ಲ, ಹಿಂದೆ ಹೋಗಲೂ ಇಲ್ಲ.

ಮನೆಗೆ ಬಂದ ಮೇಲೆ ನಮ್ಮವರು ಸಾಮಾನಿನ ಬುಟ್ಟಿ ಇಳಿಸಿ ಕೂತರು. ನಾನು ಕರಕಾದ ರೊಟ್ಟಿಯನ್ನು ಹಂಚಿನಿಂದ ಕೆರೆಯುತ್ತಿದ್ದೆ.

"ನಾ ಹೇಳಿದ ಹಲ್ಲು ನೀ ಉಜ್ಜಲಿಲ್ಲ," ಅಂದರು.

"ಇಲ್ರಿ."

"ಉಜ್ಜಿದ್ದರ?"

"ಗೊತ್ತಿಲ್ರಿ."

ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರು ಎದ್ದು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತರು.

ಮರುದಿನ ಮುಂಜಾನೆ ಸಾವಕಾರರು ಅಂಗಡಿಗೆ ಬಂದರು. ಗಿರಾಕಿಗಳಿಗೆಂದು ಹಾಕಿದ್ದ ಬಾಕಿನ ಮೇಲೆ ಕೂತು, ನೆಲ ನೋಡುತ್ತ ಹೇಳಿದರು, "ಕೈಬಳಿ ಸಪ್ಪಳಾ ಕೇಳಿತ್ತು ನನಗ. ಹೊರಗ ಅಡಗಿ ಮನ್ಯಾಗ ಅಂತ ತಿಳಕೊಂಡೆ. ತಿರಗಿ ನೋಡಲಿಲ್ಲ." ಮಾವ ಎದುರಿಗಿದ್ದಾರೆಂದು ಆ ಹುಡುಗಿ ಒಳಗಿನ ಕಪಾಟಿನ ಹಿಂದೆ ಸರಿದು ಬಾಗಿಲು ಮುಚ್ಚುವ ತನಕ ಬಾಯಿಬಿಡದೆ ನಿಂತಿದ್ದಳೆಂದು, ಆಮೇಲೆ ಕೂಗಿದ್ದು ಹೊರಗೆ ಕೇಳಿಸಲಿಲ್ಲವೆಂದು ಅತ್ತೆ ನನಗೆ ಹಿಂದಿನ ದಿನವೇ ಹೇಳಿದ್ದರು. ಸಾವಕಾರರಿಗೂ ಅದು ಗೊತ್ತಾಗಿರಬೇಕು. ಒಳಗಿಂದಲೂ ತೆರೆಯುವ ಹಾಗೆ ಆ ಕೀಲಿಯನ್ನು ಮಾಡಲು ಬರುತ್ತದೆಯೇ ಎಂದು ಕೇಳಿದರು. ಆ ಕೀಲಿಗೆ ಬರುವುದಿಲ್ಲವೆಂದು ನಮ್ಮವರು ಹೇಳಿದರು. ಹಮಾಲರು ಒಡೆಯಲು ಶುರುಮಾಡಿದ್ದ ಗೋಡೆಯನ್ನು ಮುಚ್ಚಬೇಡಿರಿ, ಪೂರಾ ಒಡೆಸಿ ಗಾಳಿಯಾಡಲು ಒಂದು ಕಬ್ಬಿಣದ ಜಾಲರಿ ಕೂಡಿಸಿರಿ ಅಂದರು. ಹಾಗೆಯೇ ಮಾಡಿಸಿದರಂತೆ.

ಆಮೇಲೆ ಪರದೆಯ ಹಿಂದೆ ಕೂಡುವುದರಲ್ಲಿ ಅರ್ಥವಿರಲಿಲ್ಲ. ಸುದ್ದಿ ಓಣಿ ಓಣಿ ತಿರುಗಿತ್ತು. ನೋಡಲೆಂದೇ ಕೆಲವರು ಬಂದರು. ಬೆಳ್ಳಿ ಬಂಗಾರದ ಒಬ್ಬ ಸರಾಫರು ಕೊಟ್ಟುಹೋಗಿದ್ದ ಕೀಲಿಕೈಯನ್ನು ಏನೋ ನೆವ ಹೇಳಿ ವಾಪಸು ಇಸಿದುಕೊಂಡು ಹೋದರು. ಅವರನ್ನು ನಮ್ಮವರು ತಡೆಯಲಿಲ್ಲ. ಕೆಲವು ತಿಂಗಳು ತಿಜೋರಿ ಕೆಲಸ ಬಹಳ ಕಡಿಮೆಯಾಯಿತು, ಸೈಕಲ್ಲು ಪೆಟ್ಟಿಗೆಗಳ ಮೇಲೆ ದಿನ ದೂಡಿದೆವು. ಆಮೇಲೆ ಮೆಲ್ಲಗೆ ಗಿರಾಕಿ ಮರಳಿದರು. ಎಲ್ಲರೂ ಅಲ್ಲ. ಮನೆಯ ಹೆಂಗಸರೇ ಕೀಲಿಕೈ ತರುವುದು ಮಾತ್ರ ಹೊಸದಾಗಿ ಶುರುವಾಯಿತು. ನಮ್ಮವರು ಮುಂದೆ ಕೂತು, "ನಮ್ಮ ಮನಿಯಾಕಿ ಕೊರೀತಾಳ್ರಿ, ಅಕಿನ್ನ ಕೇಳ್ರಿ" ಅನ್ನುವುದನ್ನು ರೂಢಿ ಮಾಡಿಕೊಂಡರು. ಯಾವ ಹಲ್ಲು ಉಜ್ಜಬೇಕೆಂದು ನನಗೆ ಹೇಳುವುದನ್ನು ಬಿಟ್ಟರು. ಅದು ನನಗೆ ಸಮಾಧಾನ ತಂದಿತೆಂದು ಹೇಳಲಾರೆ. ಎಷ್ಟೋ ಸಲ ಕಾನಸು ಹಿಡಿದು, ಅವರು ಒಂದು ಮಾತು ಹೇಳಲಿ ಅಂತ ಕಾಯುತ್ತ ಕೂತದ್ದುಂಟು.

ಅಂಗಡಿ ನಡೆಸಿದಷ್ಟು ಕಾಲವೂ ತಿಜೋರಿಯ ಕೀಲಿಕೈ ತಂದವರನ್ನು ನಾನು ಮೊದಲು ಒಂದು ಮಾತು ಕೇಳುತ್ತಿದ್ದೆ: "ಒಳಗ ಒಬ್ಬರು ನಿಲ್ಲೂವಷ್ಟು ಜಾಗಾ ಐತೇನ್ರಿ?" ಬಹಳ ಮಂದಿ ನಗುತ್ತಿದ್ದರು, ಎರಡು ಡಬ್ಬಿ ಇಟ್ಟರೆ ತುಂಬಿ ಹೋಗುತ್ತದೆ ಅನ್ನುತ್ತಿದ್ದರು. ಐತಿ ಅಂದವರಿಗೆ ಎರಡನೆಯ ಕೀಲಿಕೈಯನ್ನು ಊರು ಬಿಟ್ಟು ಎಲ್ಲಿಯೂ ಒಯ್ಯಬೇಡಿರೆಂದು ಹೇಳಿ, ಅವರು ಹೂಂ ಅಂದ ಮೇಲೆಯೇ ಕಾನಸು ಕೈಗೆ ತೆಗೆದುಕೊಳ್ಳುತ್ತಿದ್ದೆ.